ಎರಡು ತಟ್ಟೆ ಮೊಟ್ಟೆ ಬೇಗಲ್

ನನ್ನ ಓರಗಿತ್ತಿಯ ಮುಖ ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಎರಡು ನಾಲಿಗೆಯವಳು ಅನ್ನಬಾರದು. ಮೈದುನನ ಕೈ ಹಿಡಿದು ಈ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅವಳು ನಾನು ತೊಳೆದಿಟ್ಟಿದ್ದ ಪಾತ್ರೆಯನ್ನು ಮೂಸಿ ನೋಡಿ, ಮತ್ತೆ ತೊಳೆದಳು. ಅವತ್ತೇ ಅವಳಿಗೆ ಮಹಾರಾಣಿ ಎಂದು ಹೆಸರಿಟ್ಟೆ. ಅವಳು ನನಗೆ ಏನು ಹೆಸರಿಟ್ಟಿದ್ದಾಳೋ ಗೊತ್ತಿಲ್ಲ, ಒಳ್ಳೆಯದಂತೂ ಇರಲಿಕ್ಕಿಲ್ಲ.

ಕಳೆದ ವರ್ಷ ನಮ್ಮಿಬ್ಬರ ಜಗಳ ತಡೆಯಲಾರದೆ ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿದರು. ಗೋಡೆ ಅಡುಗೆಮನೆಯನ್ನೂ ಸೀಳಿಕೊಂಡು ಹೋಯಿತು. ದೊಡ್ಡ ಓವನ್ ನನ್ನ ಪಾಲಿಗೆ ಬಂತು. ದೊಡ್ಡ ಒಲೆ, ಅಗಲ ಬಾಯಿಯ ಪಾತ್ರೆ ಅವಳ ಪಾಲಿಗೆ ಹೋದವು. ಗಾರೆಯವನು ಗಾಳಿ ಆಡಲಿ ಎಂದು ಗೋಡೆಯಲ್ಲಿ ಒಂದು ಚೌಕ ಕಿಂಡಿ ಬಿಟ್ಟಿದ್ದ. ನಾನು ಈ ಕಡೆಯಿಂದ ಅದಕ್ಕೊಂದು ಹಲಗೆ ಬಡಿದೆ. ಮರುದಿನ ಅವಳೂ ಆ ಕಡೆಯಿಂದ ಒಂದು ಬಡಿದಳು. ನನ್ನ ಹಲಗೆ ಅವಳಿಗೆ ಸಾಲಲಿಲ್ಲವಂತೆ!

ಅತ್ತೆ ಮಾತ್ರ ಯಾರ ಪಾಲಿಗೂ ಬರಲಿಲ್ಲ. ಮಹಡಿಯ ಮೇಲಿನ ಒಂಟಿ ಕೋಣೆ ಸೇರಿಕೊಂಡರು. ಎರಡೂ ಮನೆಯಿಂದ ತಟ್ಟೆ ಹೋಗುತ್ತಿತ್ತು. ಎರಡರಿಂದಲೂ ಅರ್ಧರ್ಧ ತಿಂದು ಉಳಿದದ್ದನ್ನು ಹಾಗೇ ವಾಪಸ್ ಕಳಿಸುತ್ತಿದ್ದರು. ಹೋದ ವಾರ ತಮ್ಮ ಗಂಡುಮಕ್ಕಳಿಬ್ಬರನ್ನೂ ಮೇಲಕ್ಕೆ ಕರೆಸಿ, ಊರಾಚೆಯ ವೃದ್ಧಾಶ್ರಮದಲ್ಲಿ ಜಾಗ ಗೊತ್ತುಮಾಡಿಕೊಂಡಿದ್ದೇನೆ, ಶನಿವಾರ ಸಂಜೆ ಕಾರು ಬರುತ್ತದೆ ಎಂದುಬಿಟ್ಟರು. "ಒಡೆದ ಮನೇಲಿ ನಂಗೆ ತುತ್ತು ಇಳಿಯಲ್ಲ ಕಣ್ರಪ್ಪ," ಎಂದರಂತೆ. ಮಕ್ಕಳಿಬ್ಬರೂ ತಲೆ ಬಗ್ಗಿಸಿಕೊಂಡು ಇಳಿದು ಬಂದರು. ಗಂಡಸರ ಕೈಲಿ ಇನ್ನೇನಾಗುತ್ತದೆ?

ನನಗೆ ಎದೆ ಒಡೆದ ಹಾಗಾಯಿತು. ನಾನು ತಾಯಿಯ ಮುಖ ನೋಡದೆ ಬೆಳೆದವಳು. "ಊಟ ಮಾಡಿದ್ಯಾ?" ಎಂದು ಯಾರಾದರೂ ಕೇಳುತ್ತಾರೆ ಎನ್ನುವುದೇ ನನಗೆ ಈ ಮನೆಗೆ ಬಂದ ಮೇಲೆ ಗೊತ್ತಾದದ್ದು, ಕೇಳಿದ್ದು ಅತ್ತೆ. ಅವರನ್ನು ಕಳಿಸಿ ಈ ಗೋಡೆಯನ್ನು ನೋಡುತ್ತಾ ಕೂರುವುದು ನನ್ನಿಂದ ಆಗದ ಮಾತು. ಹೇಗಾದರೂ ಮಾಡಿ ತಡೆಯಬೇಕಿತ್ತು. ತಡೆಯುವ ದಾರಿಯೂ ನನಗೆ ಒಂದೇ ಹೊಳೆದದ್ದು, ಮೊಟ್ಟೆ ಬೇಗಲ್.

ಬೇಗಲ್ ಅಂದರೆ ಬಳೆಯ ಹಾಗೆ ನಡುವೆ ತೂತಿರುವ ದಪ್ಪನೆಯ ಬ್ರೆಡ್ಡು. ಬೇರೆ ಬ್ರೆಡ್ಡಿನ ಹಾಗೆ ಸೀದಾ ಓವನ್ನಿಗೆ ಇಟ್ಟರೆ ಆಗುವುದಿಲ್ಲ, ಮೊದಲು ಕುದಿಯುವ ನೀರಿನಲ್ಲಿ ತುಸು ಬೇಯಿಸಿ ತೆಗೆಯಬೇಕು. ಅತ್ತೆಯ ಕೈಯ ಬೇಗಲ್‌ನ ಹಿಟ್ಟಿಗೆ ಮೊಟ್ಟೆಯ ಹಳದಿ ಧಾರಾಳವಾಗಿ ಬೀಳುತ್ತಿತ್ತು. ಹೊರಗೆ ಮಿರಮಿರ ಮಿಂಚುವ ಸಿಪ್ಪೆ, ಒಳಗೆ ಹಳದಿ, ಅಗಿದರೆ ಹಲ್ಲಿಗೆ ಹಿತವಾಗಿ ಎಳೆಯಬೇಕು. ಭಾನುವಾರ ಬೆಳಿಗ್ಗೆ ಅದರ ವಾಸನೆಗೆ ಬೀದಿಯವರೆಲ್ಲ ನಮ್ಮ ಕಿಟಕಿಯ ಹತ್ತಿರ ಬಂದು ಕ್ಷೇಮ ಸಮಾಚಾರ ವಿಚಾರಿಸುತ್ತಿದ್ದರು. ಅತ್ತೆಯ ಬೆರಳು ಸೊಟ್ಟಗಾದ ಮೇಲೆ ಕೆಲಸ ನಮ್ಮಿಬ್ಬರಿಗೆ ಬಂತು.

ಅಲ್ಲೇ ಅತ್ತೆ ಒಂದು ಉಪಾಯ ಮಾಡಿದ್ದರು. ಹಿಟ್ಟು ಕಲಸಿ, ನಾದಿ, ಬಳೆ ಕಟ್ಟುವುದನ್ನು ನನಗೆ ಮಾತ್ರ ಕಲಿಸಿದರು. ನೀರಿಗೆ ಬಿಡುವುದು, ಓವನ್ನಿನ ಉರಿ ನೋಡುವುದು ಮಹಾರಾಣಿಗೆ ಮಾತ್ರ. ನಾನು ಕಲಸುವಾಗ ಅವಳನ್ನು ಹಿತ್ತಲಿಗೆ ಕಳಿಸುತ್ತಿದ್ದರು, ಅವಳು ಒಲೆಯ ಮುಂದೆ ನಿಂತಾಗ ನನ್ನನ್ನು ಅಂಗಡಿಗೆ. ಒಂದು ಸಲ ನಾನು ಮುಖ ಊದಿಸಿಕೊಂಡು ಕಾರಣ ಕೇಳಿದ್ದಕ್ಕೆ, "ನಾನು, ನನ್ನ ಓರಗಿತ್ತಿ ಇಬ್ರೂ ಎಲ್ಲಾ ಕಲ್ತಿದ್ವಿ. ಅದಕ್ಕೇ ಅವಳು ಸಾಯೋವರೆಗೂ ಮಾತಾಡ್ಲಿಲ್ಲ. ನಿಮಗೆ ಒಬ್ಬರಿಲ್ದೆ ಒಬ್ಬರಿಗೆ ನಡೀಬಾರ್ದು," ಎಂದಿದ್ದರು. ಪಾಪ, ಗೋಡೆ ಏಳುತ್ತದೆ ಎಂದು ಅವರಿಗೇನು ಕನಸು ಬಿದ್ದಿತ್ತೇ?

ಶುಕ್ರವಾರ ನಾನೊಬ್ಬಳೇ ಮಾಡಲು ಹೊರಟೆ. ಹಿಟ್ಟು ನನ್ನ ಮಾತು ಕೇಳಿತು, ಅದು ಯಾವತ್ತೂ ಕೇಳುತ್ತದೆ. ನೀರಿಗೆ ಬಿಟ್ಟದ್ದೇ ತಡ, ಬಳೆಗಳು ತಳ ಕಂಡವು. ಮೇಲೇಳಲಿ ಎಂದು ಕಾದೆ. ಎದ್ದಾಗ ಮುದುಕಿಯ ಕೆನ್ನೆಯ ಹಾಗೆ ಸುಕ್ಕುಗಟ್ಟಿದ್ದವು. ಇರಲಿ ಎಂದು ಓವನ್ನಿಗೆ ಇಟ್ಟರೆ ತಳ ಕರಕಲು, ಮೇಲೆ ಬಿಳಿಚು. ಸಿಟ್ಟಿನಿಂದ ಎಲ್ಲವನ್ನೂ ಎತ್ತಿಕೊಂಡು ಹೋಗಿ ಗೇಟಿನ ಕಸದ ಡಬ್ಬಿಗೆ ಸುರಿದೆ. ಡಬ್ಬಿ ಮಾತ್ರ ಇನ್ನೂ ಎರಡು ಮನೆಗೂ ಒಂದೇ. ಅದರೊಳಗೆ ಆಗಲೇ ಗಂಜಿಯಂತೆ ಹರಿದು ಅಂಟಿಕೊಂಡ ಹಳದಿ ಹಿಟ್ಟು ಬಿದ್ದಿತ್ತು. ಮಹಾರಾಣಿಯೂ ಒಬ್ಬಳೇ ಕೈ ಸುಟ್ಟುಕೊಂಡಿದ್ದಳು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಶನಿವಾರ ಬೆಳಿಗ್ಗೆ ಕಿಂಡಿಯ ಆ ಕಡೆ ಮೊಳೆ ಕೀಳುವ ಸದ್ದಾಯಿತು. ಆಮೇಲೆ ನನ್ನ ಹಲಗೆಯ ಮೇಲೆ ಬಡಿತ.

"ಅಕ್ಕಾ, ನಿಮ್ಮ ಸುಟ್ಟ ವಾಸನೆ ನಿನ್ನೆಯಿಂದ ನಮ್ಮನೇಲೇ ಇದೆ. ಯಾವಾಗ ವಾಪಸ್ ಕರ್ಕೋತೀರಿ?"

"ನಿನ್ನ ಗಂಜಿ ನೋಡ್ದೆ ಕಣೇ ಡಬ್ಬಿಲಿ. ಯಾರಿಗೆ ಹುಷಾರಿಲ್ಲ?"

ಮತ್ತೆ ಅವಳೇ ಬಾಯಿ ಬಿಟ್ಟಳು. ಈ ಸಲ ದನಿ ಇಳಿದಿತ್ತು. "ಸಂಜೆ ಕಾರು ಬರುತ್ತೆ ಅಕ್ಕ."

"ನಂಗೇನು ಗೊತ್ತಿಲ್ವಾ?"

"ನಂಗೂ ಅವ್ರು ಅಮ್ಮನೇ. ನಿಮಗೊಬ್ರಿಗೇ ಗುತ್ತಿಗೆ ಕೊಟ್ಟಿಲ್ಲ."

ಮೈ ಉರಿಯಿತು. ಆದರೂ ನನ್ನ ಹಲಗೆಯ ಮೊಳೆ ಕಿತ್ತೆ. ಒಂದು ವರ್ಷದ ಮೇಲೆ ಅವಳ ಮುಖ ಇಷ್ಟು ಹತ್ತಿರದಿಂದ ನೋಡಿದ್ದು. ಕಣ್ಣು ಕೆಂಪಗಿತ್ತು. ಈರುಳ್ಳಿ ಹೆಚ್ಚಿದ್ದಾಳೆ ಎಂದುಕೊಂಡೆ.

ಮಾತು ಹೀಗಾಯಿತು. ಹಿಟ್ಟು ನನ್ನದು, ನೀರು ಅವಳದು. ಅವಳು ಕಿಂಡಿಯಿಂದ ಹೇಳಿದ ಹಾಗೆ ನಾನು ಓವನ್ ನೋಡಿಕೊಳ್ಳಬೇಕು. ಬೆಂದದ್ದರಲ್ಲಿ ಅರ್ಧ ನನಗೆ, ಅರ್ಧ ಅವಳಿಗೆ. ಇಬ್ಬರೂ ಒಟ್ಟಿಗೆ ಮಹಡಿ ಹತ್ತಿ ಒಟ್ಟಿಗೆ ಅತ್ತೆಯ ಮುಂದೆ ಇಡಬೇಕು.

ನಾನು ಬೆನ್ನು ತಿರುಗಿಸಿ ನಿಂತು ಮೊಟ್ಟೆ ಒಡೆದೆ, ಎಷ್ಟು ಹಳದಿ ಬಿತ್ತು ಎಂದು ಅವಳಿಗೆ ಕಾಣಬಾರದಲ್ಲ.

"ಅಬ್ಬಬ್ಬಾ, ಏನು ಗುಟ್ಟು! ಅದೇನು ಮೊಟ್ಟೇನಾ, ಒಡವೇನಾ?" ಎಂದಳು.

"ನಿನ್ನ ಕಣ್ಣು ಬಿದ್ರೆ ಹಿಟ್ಟೂ ಉಬ್ಬಲ್ಲ. ಆ ಕಡೆ ನೋಡು."

ಗಟ್ಟಿ ಹಿಟ್ಟು. ತೋಳು ಬೀಳುವವರೆಗೆ ನಾದಿದೆ. ನಾದುವಾಗ ಯಾರ ಮುಖ ನೆನೆಸಿಕೊಂಡೆ ಎಂದು ಬೇರೆ ಹೇಳಬೇಕಿಲ್ಲ. ಉಬ್ಬಿದ ಮೇಲೆ ತುಂಡು ಮಾಡಿ, ಹಗ್ಗದಂತೆ ಹೊಸೆದು, ಅಂಗೈಗೆ ಸುತ್ತಿ, ತುದಿಯ ಮೇಲೆ ತುದಿ ಇಟ್ಟು ಮಣೆಯ ಮೇಲೆ ಉರುಳಿಸಿ ಬೆಸೆದೆ. ನಾನು ಎಡಚಿ. ನನ್ನ ಬಳೆಯ ಬೆಸುಗೆ ಯಾವಾಗಲೂ ಎಡದಿಂದ ಬಲಕ್ಕೆ ಹೊದ್ದುಕೊಂಡಿರುತ್ತದೆ. ಅತ್ತೆ ಮೊದಮೊದಲು ಬೈದು ಬೈದು ಕೊನೆಗೆ, "ನಿನ್ನ ಕೈ ಕತ್ತಲಲ್ಲೂ ಗೊತ್ತಾಗುತ್ತೆ ಬಿಡು," ಎಂದು ಸುಮ್ಮನಾಗಿದ್ದರು.

ಮೊದಲ ತಟ್ಟೆಯನ್ನು ಕಿಂಡಿಯಿಂದ ದಾಟಿಸಿದೆ. ಅವಳು ಒಂದನ್ನು ಎತ್ತಿಕೊಂಡು ತನ್ನ ಹಲಗೆಯನ್ನು ಅಡ್ಡ ಹಿಡಿದಳು. ನೀರಿನ ಸದ್ದು ಕೇಳಿತು, ಮತ್ತೇನೂ ಕಾಣಲಿಲ್ಲ. ಹಲಗೆ ಸರಿಸಿ ಬಳೆಗಳನ್ನು ವಾಪಸ್ ತಳ್ಳಿದಳು.

"ಹಿಟ್ಟು ಇನ್ನೂ ಉಬ್ಬಿಲ್ಲ. ಒದ್ದೆ ಬಟ್ಟೆ ಹೊದಿಸಿ ಬಿಡಿ."

"ನೀನು ಯಾರೇ ನನ್ನ ಹಿಟ್ಟಿಗೆ ಹೆಸರಿಡೋಳು?"

"ಮುಳುಗ್ಬೇಕು ಅಂದ್ರೆ ಈಗ್ಲೇ ಕೊಡಿ, ಮುಳುಗಿಸ್ತೀನಿ. ನಿನ್ನೆ ನೀವು ಮಾಡಿದ್ದೂ ಅದೇ ಅಲ್ವಾ?"

ಹಲ್ಲು ಕಚ್ಚಿಕೊಂಡು ಬಟ್ಟೆ ಹೊದಿಸಿದೆ. ಮತ್ತೆ ಕೊಟ್ಟಾಗ ತಕರಾರಿಲ್ಲದೆ ಒಳಗೆ ತೆಗೆದುಕೊಂಡಳು. ಅವು ತೂತಿನ ಸೌಟಿನ ಮೇಲೆ ಹಬೆಯಾಡುತ್ತಾ ಮರಳಿ ಬಂದವು. ಸುಕ್ಕಿಲ್ಲ, ತುಂಬಿದ ಮೈ. ಅವುಗಳ ಮೇಲೆ ಮೊಟ್ಟೆ ಸವರಿ, ಎಳ್ಳು ಉದುರಿಸಿ ಓವನ್ನಿಗೆ ಇಟ್ಟೆ. "ಮೇಲಿನ ಜಾಲರಿಗೆ ಹಾಕಿ, ಈಗ ತಿರುಗಿಸಿ, ಬಾಗಿಲು ತೆಗೀಬೇಡಿ ಅಂದೆ ತಾನೇ, ಕಿವಿ ಕೇಳಲ್ವಾ?" ಎಂದು ಅವಳು ಕಿಂಡಿಯಲ್ಲಿ ತಲೆ ತೂರಿಸಿ ಕೂಗುತ್ತಲೇ ಇದ್ದಳು. ನಾನೂ ಬಾಯಿಗೆ ಬಂದ ಹಾಗೆ ಬೈಯುತ್ತಾ ಅವಳು ಹೇಳಿದ್ದನ್ನೇ ಮಾಡಿದೆ.

ಹೊರಗೆ ತೆಗೆದಾಗ ಅತ್ತೆಯ ಕೈಯದೇ ಬಣ್ಣ, ಅದೇ ಹೊಳಪು. ಬೀದಿಯಲ್ಲಿ ಯಾರೋ ನಮ್ಮ ಕಿಟಕಿಯ ಹತ್ತಿರ ನಿಂತು ಕೆಮ್ಮಿದರು. ಅರ್ಧವನ್ನು ಅವಳಿಗೆ ದಾಟಿಸಿದೆ. "ಮುಖ ತೊಳೆದು ಬರ್ತೀನಿ, ಆಮೇಲೆ ಒಟ್ಟಿಗೆ ಹೋಗೋಣ," ಎಂದಳು. "ಆಗ್ಲಿ," ಎಂದೆ.

ಅವಳು ಆ ಕಡೆ ತಿರುಗಿದ್ದೇ, ತಟ್ಟೆ ಹಿಡಿದು ಹೊರಗಿನ ಮೆಟ್ಟಿಲು ಹತ್ತಿದೆ. ಅವಳ ಜೊತೆ ನಿಂತು ಅರ್ಧ ಹೆಸರು ಪಡೆಯಲು ನಾನೇನು ತೋಳು ಮುರಿದುಕೊಂಡಿದ್ದೆನೇ? ಏದುಸಿರು ಬಿಡುತ್ತಾ ಅತ್ತೆಯ ಬಾಗಿಲು ತಳ್ಳಿದೆ. ಒಳಗೆ ಮಹಾರಾಣಿ ತನ್ನ ಪಾಲಿನ ಒಳಮೆಟ್ಟಿಲಿನಿಂದ ಬಂದು ಆಗಲೇ ಮಂಚದ ಪಕ್ಕ ತಟ್ಟೆ ಇಟ್ಟುಕೊಂಡು ಕೂತಿದ್ದಳು! ಮುಖ ತೊಳೆದಿರಲಿಲ್ಲ. ಕೆನ್ನೆಯ ಮೇಲೆ ಎಳ್ಳು ಹಾಗೇ ಅಂಟಿತ್ತು.

ಅತ್ತೆಯ ಪೆಟ್ಟಿಗೆ ಬಾಗಿಲ ಬಳಿ ಸಿದ್ಧವಾಗಿತ್ತು. ಅವರು ಎರಡು ತಟ್ಟೆಯಿಂದಲೂ ಒಂದೊಂದು ಎತ್ತಿಕೊಂಡರು, ಎರಡರಿಂದಲೂ ಒಂದೊಂದು ತುಂಡು ಮುರಿದು ನಿಧಾನವಾಗಿ ಅಗಿದರು. ಅವರ ಕಣ್ಣು ಒದ್ದೆಯಾಯಿತು. ಗೆದ್ದೆ ಎಂದುಕೊಂಡೆ. ಅವಳೂ ಹಾಗೇ ಅಂದುಕೊಂಡಿರಬೇಕು.

"ಚೆನ್ನಾಗಿದೆ," ಎಂದರು. "ನನ್ನ ಕೈಗಿಂತ ಚೆನ್ನಾಗಿದೆ." ಆಮೇಲೆ ಅವಳ ಕಡೆ ತಿರುಗಿದರು. "ಹಿಟ್ಟು ಯಾರು ಕಲಸಿದ್ದಮ್ಮಾ?"

"ನಾನೇ ಅಮ್ಮ," ಎಂದಳು ಕಣ್ಣು ಮಿಟುಕಿಸದೆ. "ನೋಡಿ ನೋಡಿ ಕಲ್ತೆ."

ನನಗೆ ರಕ್ತ ತಲೆಗೇರಿತು. ಅತ್ತೆ ನನ್ನ ಕಡೆ ನೋಡಿದರು. "ನಿನ್ನವನ್ನ ನೀರಿಗೆ ಬಿಟ್ಟಿದ್ಯಾರು?"

"ನಾನೇ ಅತ್ತೆ. ಅದೇನು ಮಹಾ ವಿದ್ಯೆ!"

ಅತ್ತೆ ಕೈಯಲ್ಲಿದ್ದ ಎರಡೂ ಬೇಗಲ್‌ಗಳನ್ನು ಮಗುಚಿ, ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಎರಡೂ ಎಡದಿಂದ ಬಲಕ್ಕೆ. ಅವರ ನೋಟ ನನ್ನ ಎಡಗೈಯ ಮೇಲೆ ಒಂದು ಗಳಿಗೆ ನಿಂತಿತು. ಬೈಯಲಿ, ಇಬ್ಬರಿಗೂ ಕೆನ್ನೆಗೆ ಬಾರಿಸಲಿ ಎಂದು ಬೇಡಿಕೊಂಡೆ. ಅವರು ಅದರ ಮಾತೇ ಎತ್ತಲಿಲ್ಲ.

"ಒಳ್ಳೇದಾಯ್ತು," ಎಂದರು. "ಒಬ್ಬೊಬ್ಬರಿಗೂ ಪೂರ್ತಿ ಬಂತು. ಇನ್ನು ನಿಮಗೆ ಯಾರೂ ಬೇಕಾಗಿಲ್ಲ. ನಾನೂ ಬೇಕಾಗಿಲ್ಲ."

"ಹಾಗಲ್ಲ ಅತ್ತೆ," ಎಂದೆ. ನಿಜ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಮೊದಲು ಹೇಳಲಿ, ಸುಳ್ಳು ಶುರುಮಾಡಿದವಳು ಅವಳು ತಾನೇ ಎಂದು ಅವಳ ಮುಖ ನೋಡಿದೆ. ಅವಳೂ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು. ಕೆಳಗೆ ಕಾರಿನ ಹಾರನ್ ಕೇಳಿತು.

ಅತ್ತೆ ಪೆಟ್ಟಿಗೆಗೆ ನಮ್ಮನ್ನು ಕೈ ಹಾಕಲು ಬಿಡಲಿಲ್ಲ. ಮಕ್ಕಳಿಬ್ಬರನ್ನೂ ಕರೆದು ಹೊರಿಸಿದರು. ಬೇಗಲ್ ಅಲ್ಲೇ ಉಳಿದವು, ಒಂದೊಂದರಲ್ಲಿ ಒಂದೊಂದು ತುಂಡು ಮುರಿದದ್ದು ಬಿಟ್ಟರೆ ಎರಡೂ ತಟ್ಟೆ ತುಂಬಿಯೇ ಇದ್ದವು. ಕಾರು ಬೀದಿ ತಿರುಗುವವರೆಗೂ ನಾವಿಬ್ಬರೂ ಗೇಟಿನಲ್ಲಿ ನಿಂತಿದ್ದೆವು.

"ನಿನ್ನಿಂದಲೇ ಆಗಿದ್ದು," ಎಂದೆ.

"ಮೊದಲು ಮೆಟ್ಟಿಲು ಹತ್ತಿದ್ಯಾರು?" ಎಂದಳು.

"ನೀನು!"

"ನೀವು ಹತ್ತುತ್ತೀರಿ ಅಂತ ಗೊತ್ತಿತ್ತು, ಅದಕ್ಕೇ ಹತ್ತಿದೆ."

ಒಳಗೆ ಬಂದು ಸುತ್ತಿಗೆ ಹುಡುಕಿದೆ. ಹಲಗೆಯನ್ನು ಕಿಂಡಿಗೆ ಒತ್ತಿ ಹಿಡಿದು ಮೊದಲ ಮೊಳೆ ಹೊಡೆಯುವಷ್ಟರಲ್ಲಿ ಆ ಕಡೆಯಿಂದಲೂ ಸುತ್ತಿಗೆಯ ಸದ್ದು ಶುರುವಾಯಿತು. ನನಗೆ ಅಳು ಒತ್ತರಿಸಿಕೊಂಡು ಬಂತು. ಅಳುತ್ತಲೇ ಬಡಿದೆ. ನಡುವೆ ಆ ಕಡೆಯ ಸದ್ದು ನಿಂತು, ಮೂಗು ಸೀಟಿಕೊಂಡದ್ದು ಕೇಳಿಸಿತು. ಅಳಲಿ, ಅವಳಿಗೆ ಆಗಬೇಕಾದ್ದೇ ಎಂದುಕೊಂಡು ಇನ್ನೊಂದು ಮೊಳೆ ಎತ್ತಿಕೊಂಡೆ.