ಐನೂರನೆಯದು

"ನಾನೂರ ತೊಂಬತ್ತೊಂಬತ್ತು." ಪ್ರೊಫೆಸರು ಮೊಬೈಲನ್ನು, ಒಮ್ಮೆ ತಮ್ಮ ಲ್ಯಾಬಿನಲ್ಲಿದ್ದ ಅವಳ ಮೂಗಿನ ತುದಿಗೇ ಹಿಡಿದರು. "ಒಂದೇ ಒಂದು ಸಾಲ್ತಿಲ್ಲ ನೋಡಮ್ಮ."

ಲ್ಯಾಬಿನವರು ಬೆನ್ನ ಹಿಂದೆ ಅವರನ್ನು 'ಎಣಿಕೆ ಸಾರ್' ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಆರು ವರ್ಷದ ಹಿಂದಿನ ತಮ್ಮ ಪ್ರಬಂಧವನ್ನು ಎಷ್ಟು ಜನ ವಿಜ್ಞಾನಿಗಳು ಉಲ್ಲೇಖಿಸಿದ್ದಾರೆ ಎಂದು ಹಲ್ಲುಜ್ಜುವ ಮೊದಲೇ ನೋಡುವ ಆಸಾಮಿ. ಶುಕ್ರವಾರ ಸಂಜೆ ಐದರೊಳಗೆ ಐನೂರಾದರೆ ದೊಡ್ಡ ಪ್ರಶಸ್ತಿಗೆ ಅರ್ಜಿ ಹಾಕಬಹುದು. ಮುಂದಿನ ವರ್ಷ ಅವರಿಗೆ ವಯಸ್ಸು ಮೀರುತ್ತದೆ.

"ನಿನ್ನ ಪೇಪರ್ ಯಾವಾಗ ಬರತ್ತೆ? ನಮ್ಮದನ್ನ ಹಾಕಿದೀಯ ತಾನೆ?"

"ಹಾಕಿದೀನಿ ಸಾರ್. ನಾಲ್ಕು ಕಡೆ."

"ನಾಲ್ಕು ಕಡೆ ಹಾಕಿದ್ರೂ ಎಣಿಕೆಗೆ ಒಂದೇ. ಇರ್ಲಿ, ಹಳೇದೆಲ್ಲ ಮರೆತಿಲ್ಲ ನೀನು."

ಅವಳ ಪೇಪರಿನಲ್ಲಿ ಏನು ಬರೆದಿದೆ ಎಂದು ಮಾತ್ರ ಅವರು ಕೇಳಲಿಲ್ಲ.

ಮರೆಯುವುದುಂಟೇ. ಆ ಪ್ರಬಂಧಕ್ಕೆ ಜೀವಕೋಶ ಬೆಳೆಸಿಕೊಟ್ಟವಳೇ ಅವಳು. ಒಂದು ಪ್ರೋಟೀನ್ ತೆಗೆದರೆ ಕೋಶ ಸಾಯುತ್ತದೆ ಎಂಬುದು ಅವರ ವಾದ. ಅವಳ ಮೂರನೇ ಪ್ಲೇಟಿನಲ್ಲಿ ಆ ಪ್ರೋಟೀನ್ ಇಲ್ಲದ ಕೋಶಗಳು ಗುಂಡುಕಲ್ಲಿನ ಹಾಗೆ ಇದ್ದವು. "ಆ ಪ್ಲೇಟ್ ಕೆಟ್ಟಿದೆ, ಬಿಸಾಕು" ಎಂದಿದ್ದರು. ಅವಳು ಬಿಸಾಕಲಿಲ್ಲ. ಪ್ರಬಂಧ ಅಚ್ಚಾದಾಗ ಲೇಖಕರ ಸಾಲಿನಿಂದ ಅವಳ ಹೆಸರು ಹಾರಿಹೋಗಿತ್ತು. ಕೊನೆಯ ಪುಟದ ಕೃತಜ್ಞತೆಯಲ್ಲಿ, ಫ್ರೀಜರ್ ರಿಪೇರಿಯವನ ನಂತರ ಕೂತಿತ್ತು. ಅವಳು ಅದೇ ಕಾರಿಡಾರಿನ ಇನ್ನೊಂದು ಲ್ಯಾಬು ಸೇರಿ, ಹಲ್ಲು ಕಚ್ಚಿಕೊಂಡು, ಆ ಪ್ರಯೋಗವನ್ನು ಹನ್ನೊಂದು ಸಲ ಮಾಡಿದಳು. ಹನ್ನೊಂದು ಸಲವೂ ಕೋಶಗಳು ಬದುಕಿದವು. ಈಗ ಬರಲಿರುವುದು ಅದನ್ನು ಹೇಳುವ ಅವಳ ಪ್ರಬಂಧ.

ಮನೆಯಲ್ಲಿ ಅಕ್ಕ ಹೊಲಿಗೆ ಮಷಿನ್ ನಿಲ್ಲಿಸಿ ಕೇಳಿದಳು. "ಅವನ್ನ ಬೈದು ಬರೆದಿದ್ದೂ ಅವನ ಲೆಕ್ಕಕ್ಕೇ ಸೇರತ್ತಾ?"

"ಬೈದ್ರೂ ಒಂದು, ಹೊಗಳಿದ್ರೂ ಒಂದು. ಎಣಿಸೋ ಕಂಪ್ಯೂಟರ್ ಓದಲ್ವಲ್ಲ ಅಕ್ಕ."

"ಅವನ ಸುದ್ದೀನೇ ತೆಗೆದ್ಹಾಕು."

"ತೆಗೆದ್ರೆ ತಪ್ಪು ಯಾರದ್ದು ಅಂತ ಹೇಳ್ಲಿ?"

ಅಕ್ಕ ದಾರವನ್ನು ಹಲ್ಲಲ್ಲಿ ಕಡಿದಳು. "ಹಾಗಾದ್ರೆ ತಡ ಮಾಡು. ಸತಾಯಿಸೋ ಗಿರಾಕಿಗೆ ನಾನೂ ಅದನ್ನೇ ಮಾಡೋದು. ಅಂಗಿ ಹೊಲಿದಿಡ್ತೀನಿ, ಗುಂಡಿ ಹಚ್ಚಲ್ಲ."

ತಡ ಮಾಡಬಹುದಿತ್ತು. ಪತ್ರಿಕೆಯವರು ಕೊನೆಯ ಕರಡು ಕಳಿಸಿದ್ದರು. ಶುಕ್ರವಾರ ಮುಗಿಯುವುದರೊಳಗೆ 'ಒಪ್ಪಿಗೆ' ಒತ್ತಿದರೆ ಸಾಕು, ಆ ಕ್ಷಣವೇ ಪ್ರಕಟ, ಅವರ ಎಣಿಕೆಗೂ ಒಂದು. ಆದರೆ ಅವಳ ಕೆಲಸ ಮುಂದುವರಿಸುವ ಸಂದರ್ಶನವೂ ಶುಕ್ರವಾರ ಬೆಳಿಗ್ಗೆಯೇ ಇತ್ತು. ಅಲ್ಲಿ ಪ್ರಕಟವಾದದ್ದನ್ನು ಮಾತ್ರ ಎಣಿಸುತ್ತಾರೆ.

"ಮೂರು ವರ್ಷಕ್ಕೆ ಎರಡೇ ಪೇಪರಾ?" ಸಂದರ್ಶನ ಸಮಿತಿಯ ಅಧ್ಯಕ್ಷೆ ಕನ್ನಡಕ ಕೆಳಗಿಳಿಸಿದರು. "ಇನ್ನೊಂದು ಬರ್ತಿದೆ ಅಂದಿದ್ರಿ."

ಮೊಬೈಲು ಅವಳ ತೊಡೆಯ ಮೇಲೆಯೇ ಇತ್ತು. ಬೆರಳೊಂದು ತಾಗಿಸಿದ್ದರೆ ಆಗುತ್ತಿತ್ತು.

"ಇನ್ನೂ ಬಂದಿಲ್ಲ ಮೇಡಂ."

"ಬಂದಿದ್ರೆ ನಾವು ಇಷ್ಟು ಮಾತಾಡೋದೇ ಬೇಕಿರ್ಲಿಲ್ಲ." ಮೂರು ವರ್ಷ ಕೇಳಿದ್ದವಳಿಗೆ ಆರು ತಿಂಗಳು ಕೊಟ್ಟು ಕಳಿಸಿದರು.

ಸಂಜೆ ಟೀ ರೂಮಿನಲ್ಲಿ ಎಣಿಕೆ ಸಾರ್ ಮೊಬೈಲಿನ ಪರದೆಯನ್ನು ಉಜ್ಜುತ್ತಲೇ ಇದ್ದರು. "ಬಂತೇನಮ್ಮ?"

"ಇಲ್ಲ ಸಾರ್. ಕಾಯ್ತಿದೀನಿ."

ಐದು ಹೊಡೆಯಿತು. ಅವರು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು. ಅವಳು ನಿಧಾನವಾಗಿ ಎದ್ದು ತನ್ನ ಲೋಟ ತೊಳೆದಳು. ಅವರದನ್ನೂ ತೊಳೆದಳು. ಕೈ ಒರೆಸಿಕೊಂಡು ಕಾರಿಡಾರಿಗೆ ಬಂದು 'ಒಪ್ಪಿಗೆ' ಒತ್ತಿದಳು.

ಶುಕ್ರವಾರದಿಂದ ಎಣಿಕೆ ನೋಡದಿದ್ದ ಪ್ರೊಫೆಸರ ಕೋಣೆಯಿಂದ ಸೋಮವಾರ ಬೆಳಿಗ್ಗೆ ಒಂದು ನಗು ಕೇಳಿಸಿತು. "ಈಗ ಆಯ್ತಪ್ಪ ಐನೂರು. ಯಾರ ಪುಣ್ಯವೋ ನೋಡೋಣ." ಮೌಸು ಟಕಟಕ ಅಂದಿತು. ಬಾಗಿಲು ಒಳಗಿನಿಂದ ಮುಚ್ಚಿಕೊಂಡಿತು.

ಆಮೇಲೆ ಕಾರಿಡಾರಿನ ಪ್ರಿಂಟರ್ ಗುರುಗುಟ್ಟಿ ಎದ್ದಿತು. ಎಲ್ಲ ಲ್ಯಾಬುಗಳಿಗೂ ಅದೊಂದೇ. ಅವಳು ಪಕ್ಕದಲ್ಲೇ ನಿಂತು ತನ್ನದೇ ಪ್ರಬಂಧದ ಹಾಳೆಗಳನ್ನು ಒಂದೊಂದಾಗಿ ತೆಗೆದುಕೊಂಡಳು. ಐದನೆಯದರಲ್ಲಿ ಮೂರನೇ ಪ್ಲೇಟಿನ ಚಿತ್ರವಿತ್ತು, ತುಂಬ ಬದುಕಿದ ಕೋಶಗಳ ಚುಕ್ಕೆಗಳು. ಕೊನೆಯ ಹಾಳೆಯಲ್ಲಿ ಕೃತಜ್ಞತೆ: ಮೊದಲು ಫ್ರೀಜರ್ ರಿಪೇರಿಯವನು, ಆಮೇಲೆ ಪ್ರೊಫೆಸರು.

ಅಂಚು ಸಮ ಮಾಡಿ, ಪಿನ್ ಹೊಡೆದು, ಅವರ ಬಾಗಿಲ ಬಳಿಯ ಕುರ್ಚಿಯ ಮೇಲಿಟ್ಟಳು. ಕಾಗದ ಇನ್ನೂ ಬೆಚ್ಚಗಿತ್ತು.