ಪಂಪು ಬಿಟ್ಟವನು

ಹಗ್ಗ ಹಿಡಿದ ನಾಲ್ವರು ಪೆಟ್ಟಿಗೆಯನ್ನು ಗುಂಡಿಯ ಅಂಚಿಗೆ ಎಳೆದಿದ್ದರು. ಕರಿಯಕ್ಕ ಅದರ ಮೇಲೆ ಬಿದ್ದು ತಡೆದಳು.

"ನಮ್ಮಣ್ಣ ಬರೋಗಂಟ ಇಳಿಸ್ಬ್ಯಾಡ್ರಿ."

"ಬರ್ತಾರಾ ಅತ್ಗೆ? ನಿನ್ನೆ ತಾನೆ ಮಗನ್ನ ಮಣ್ಣು ಮಾಡ್ಯಾರೆ," ಅಂದ ಮೈದುನ ಕೆಂಚಣ್ಣ.

ಗಂಡ ಸತ್ತವಳಿಗೆ ತವರಿನವರು ಸೀರೆ ಹೊದಿಸದೆ ಹೆಣ ಇಳಿಸುವ ಪದ್ಧತಿ ಅವರಲ್ಲಿಲ್ಲ. ಕರಿಯಕ್ಕನಿಗೆ ತವರೆಂದು ಉಳಿದವನು ಕೊಂಡ್ಲಹಳ್ಳಿಯ ಅಣ್ಣ ಬೊಮ್ಮಣ್ಣ ಒಬ್ಬನೇ. ಅವನ ಮಗ ವೀರೇಶನೂ ಅವಳ ಗಂಡ ಸೂರಪ್ಪನೂ ಸತ್ತದ್ದು ಒಂದೇ ಕಡೆ, ಗೋದಾವರಿ ಸೀಮೆಯಲ್ಲಿ ಗ್ಯಾಸಿಗಾಗಿ ಕೊರೆಯುತ್ತಿದ್ದ ಆಳದ ಬಾವಿಯ ಬಳಿ, ಗ್ಯಾಸು ನುಗ್ಗಿ ಬೆಂಕಿ ಹತ್ತಿದಾಗ. ಹುಡುಗನನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವನೇ ಸೂರಪ್ಪ. ಪಾಳಿಯಲ್ಲಿ ಅವನು ನಿದ್ದೆ ಹೋಗಿದ್ದ, ಅದಕ್ಕೇ ಹೀಗಾಯಿತು ಎಂಬ ಕಂಪನಿಯ ಮಾತು ಹೆಣಕ್ಕಿಂತ ಮೊದಲೇ ಅವನ ಊರು ರಾಂಪುರ ತಲುಪಿತ್ತು. ಮಾತಿಗೆ ಆಂಬುಲೆನ್ಸ್ ಬೇಕಾಗುವುದಿಲ್ಲವಲ್ಲ.

*

ಹಿಂದಿನ ರಜೆಯಲ್ಲಿ ಸೂರಪ್ಪ ಅಡುಗೆಮನೆಯ ಬಾಗಿಲಲ್ಲಿ ಕೂತು ವೀರೇಶನಿಗೆ ಕೆಲಸ ಹೇಳಿಕೊಡುತ್ತಿದ್ದ. ಒಲೆಯ ಮೇಲೆ ರಾಗಿ ಅಂಬಲಿ ಕುದಿಯುತ್ತಿತ್ತು.

"ಬಾವಿಗೆ ಬಿಡೋ ಕೆಸರೂ ಹಿಂಗೇ ಕಣ್ಲಾ. ತೂಕ ಬರ್ಲಿ ಅಂತ ಕಲ್ಲುಪುಡಿ ಹಾಕಿರ್ತೀವಿ. ಆ ತೂಕಕ್ಕೇ ಗ್ಯಾಸು ತಳದಾಗೆ ಸುಮ್ನಿರೋದು. ಕೆಳಗೆ ಕಾವು ಜಾಸ್ತಿ. ಪುಡಿ ತೇಲಿಸೋ ಅಂಟು ಕಾವಿಗೆ ಸತ್ತು, ಪಂಪೂ ನಿಂತ್ರೆ ಪುಡಿ ಕೂತ್ಬಿಡ್ತೈತೆ."

"ಕೂತ್ರೇನಾಯ್ತೈತೆ ಮಾವ?"

"ಮೇಲೆ ತೂಕ ಇಲ್ದ ಬರೀ ನೀರು ಉಳೀತೈತೆ. ಆಗ ಒಂದೇ ಸಲ ಜೋರಾಗಿ ಪಂಪು ಬಿಟ್ರೆ ಗ್ಯಾಸು ನಮ್ಮ ಮುಖಕ್ಕೇ ಬರ್ತೈತೆ. ಅದಕ್ಕೇ ಕಾವು ತಡೆಯೋ ಅಂಟು ಹಾಕ್ಬೇಕು, ನಿಲ್ಲಿಸ್ದಂಗೆ ತಿರುಗಿಸ್ತಿರ್ಬೇಕು."

ಕರಿಯಕ್ಕ ನಕ್ಕಿದ್ದಳು. "ಇಲ್ಲಿ ಇಷ್ಟು ಮಾತಾಡೋರು ಸಾಹೇಬ್ರ ಮುಂದೆ ಬಾಯೇ ಬಿಡಲ್ಲ."

ಸೂರಪ್ಪನೂ ನಕ್ಕ. ಎದುರು ಮಾತಾಡಿದವರೆಲ್ಲ ಊರಿಗೆ ವಾಪಸಾಗಿದ್ದರು. ಅವನ ಕೆಲಸ ಮಾತ್ರ ಉಳಿದಿತ್ತು.

*

ಬೊಮ್ಮಣ್ಣ ಬಂದೇ ಬಂದ. ಕಂಕುಳಲ್ಲಿ ಸೀರೆಯ ಕವರಿತ್ತು. ಕರಿಯಕ್ಕನಿಗೆ ಹೋದ ಜೀವ ಬಂದಂತಾಯಿತು. ಅವನು ಹತ್ತಿರ ಬರದೆ ದೂರವೇ ನಿಂತ.

"ಸೀರೆ ತಂದೀನಿ ತಾಯಿ. ಒಂದ್ಮಾತು ಹೇಳು. ಸೂರಪ್ಪ ಮಲಗಿದ್ನಾ?"

"ಇಲ್ಲಣ್ಣ, ನಮ್ಮವ್ವನಾಣೆ. ಪಾಳಿಗೆ ನಿಂತ್ರೆ ಕಣ್ಣು ಮುಚ್ಚೋರಲ್ಲ." ಅವಳು ಹನುಮಂತರಾಜುವಿನ ಕಡೆ ತಿರುಗಿದಳು. ಸೂರಪ್ಪನ ಜೊತೆ ಅದೇ ಪಾಳಿಯಲ್ಲಿದ್ದವನು, ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯ ಜೊತೆ ಬಂದಿದ್ದ. "ನೀನಿದ್ಯಲ್ಲಪ್ಪ, ಹೇಳು."

"ಬ್ಯಾಡಕ್ಕಾ."

"ಎಲ್ಲರ ಎದುರಿಗೆ ಹೇಳು ಅಂದೆ."

ಅವನು ನೆಲ ನೋಡುತ್ತ ಹೇಳಿದ: "ಮಲಗಿರ್ಲಿಲ್ಲ. ಪಂಪು ಕೆಟ್ಟು ನಿಂತಿತ್ತು. ಪುಡಿ ಕೂತೈತೆ ಸಾರ್, ನಿಧಾನಕ್ಕೆ ತಿರುಗಿಸೋಣ ಅಂದ ಸೂರಣ್ಣ. ಸಾಹೇಬ್ರು ಟೈಮಿಲ್ಲ, ಜೋರಾಗಿ ಪಂಪು ಬಿಡು ಅಂದ್ರು."

"ಆಮ್ಯಾಕೆ?" ಬೊಮ್ಮಣ್ಣ ಕೇಳಿದ.

"ಬಿಟ್ಟ."

ಮಲಗಿರಲಿಲ್ಲ! ಕರಿಯಕ್ಕ ಆಸೆಯಿಂದ ಅಣ್ಣನ ಮುಖ ನೋಡಿದಳು.

"ಅಂದ್ರೆ ಅವನಿಗೆ ಗೊತ್ತಿತ್ತು," ಅಂದ ಬೊಮ್ಮಣ್ಣ. "ಆಗ ನನ್ನ ಮಗ ಎಲ್ಲಿದ್ದ?"

"ಬಾವಿ ಬಾಯಾಗೆ. ಸೂರಣ್ಣನ ಕಣ್ಣೆದುರಿಗೇ."

ಬೊಮ್ಮಣ್ಣ ಕಂಕುಳಿಂದ ಕವರು ತೆಗೆದ. "ನಿದ್ದೆ ಯಾರಿಗೆ ಬರಲ್ಲ, ಅವನೂ ಮನುಷ್ಯನೇ ಅಂದ್ಕಂಡು ಬಂದಿದ್ದೆ ಕಣವ್ವ. ಎಚ್ಚರಿದ್ದು ಬಿಟ್ನಾ?"

ಸೀರೆಯ ಕವರನ್ನು ಅಗೆದ ಮಣ್ಣಿನ ಗುಡ್ಡೆಯ ಮೇಲಿಟ್ಟು ಅವನು ಹೊರಟುಹೋದ. ತಂಗಿ ಕರೆದಳು, ತಿರುಗಲಿಲ್ಲ. ಅವನು ಬಳ್ಳಾರಿ ರಸ್ತೆ ಸೇರುವವರೆಗೂ ಯಾರೂ ಹಗ್ಗ ಮುಟ್ಟಲಿಲ್ಲ.

ಕರಿಯಕ್ಕ ಎದ್ದು ಹೋಗಿ ಕವರು ಹರಿದಳು. ಮಡಿಕೆ ಬಿಚ್ಚಿ, ಅಣ್ಣ ಹೊದಿಸಬೇಕಾದ ಸೀರೆಯನ್ನು ತನ್ನ ತಲೆಯ ಮೇಲೆ ತಾನೇ ಎಳೆದುಕೊಂಡಳು.

"ಇಳಿಸ್ರಿ," ಅಂದಳು ಅದರೊಳಗಿನಿಂದ.