ಹೊಂದಾಣಿಕೆ

ಗೇಟಿನ ಕೊನೆಯ ಸರಳಿಗೆ ಬೆಸುಗೆ ಹಾಕಿ ಮುಖದ ಕವಚ ಎತ್ತಿದಾಗ ವೆಲ್ಡರ್‌ನ ಎದುರಿಗೆ ಅತ್ತಿಗೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಬೆಂಕಿಯ ಬೆಳಕು ಬೀಳದ ಹಾಗೆ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದರು. ಅಣ್ಣನ ಮನೆಯವರು ಯಾರೂ ಆ ಶೆಡ್ಡಿಗೆ ಕಾಲಿಟ್ಟವರಲ್ಲ. ವೆಲ್ಡರ್ ಪೇಂಟಿನ ಡಬ್ಬಿಯೊಂದನ್ನು ಬೋರಲು ಹಾಕಿ, ಒರೆಸಿ ಮುಂದಿಟ್ಟ. ಅವರು ಕೂರಲಿಲ್ಲ.

ಗಂಡನಿಗೆ ರಕ್ತದ ಕ್ಯಾನ್ಸರ್ ಎಂದೂ, ಔಷಧಿಗೆ ಸದ್ಯ ಬಗ್ಗಿದ್ದರೂ ಮರುಕಳಿಸುವುದು ಖಂಡಿತವೆಂದೂ, ಬೇರೆಯವರ ಮೂಳೆಮಜ್ಜೆ ಹಾಕಿದರೆ ಮಾತ್ರ ಉಳಿಯುವ ಆಸೆಯೆಂದೂ ನಿಂತೇ ಹೇಳಿದರು. ಒಡಹುಟ್ಟಿದವರದು ಹೊಂದುವ ಸಾಧ್ಯತೆ ಹೆಚ್ಚಂತೆ.

"ಅವರು ಕೇಳು ಅಂತ ಕಳಿಸಿಲ್ಲ. ನಾನಾಗೇ ಬಂದೆ."

"ಅದು ಗೊತ್ತಾಯ್ತು ಬಿಡಿ, ಅತ್ತಿಗೆ," ಎಂದ ವೆಲ್ಡರ್.

ಅಣ್ಣತಮ್ಮಂದಿರ ನಡುವೆ ಮಾತು ಸತ್ತು ಎಷ್ಟೋ ಕಾಲವಾಗಿತ್ತು. ವೆಲ್ಡರ್ ಪಬ್ಲಿಕ್ ಪರೀಕ್ಷೆಗೆ ಕೂತ ವರ್ಷ ಅಣ್ಣ ಆಗತಾನೆ ಮೇಷ್ಟ್ರಾಗಿ ಸೇರಿದ್ದ. ತಪಾಸಣೆಯವರ ಜೊತೆ ಆ ಕೊಠಡಿಗೂ ಬಂದ. ತಮ್ಮನ ಅಂಗಿಯ ತೋಳಿನೊಳಗೆ ಚೀಟಿ ಇತ್ತು. ಸುಳ್ಳಲ್ಲ, ಇತ್ತು. ಅದನ್ನು ಹರಿದು ಕಿಟಕಿಯಾಚೆ ಎಸೆದು ಕಣ್ಣಲ್ಲೇ ಗದರಿಸಬಹುದಿತ್ತು. ಎಷ್ಟೋ ಹುಡುಗರ ವಿಷಯ ಅಷ್ಟಕ್ಕೇ ಮುಗಿಯುತ್ತಿತ್ತು. ಅಣ್ಣ ಅವನನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ ಡಿಬಾರ್ ಮಾಡಿಸಿದ. ಸಂಜೆ ಅಪ್ಪನಿಗೆ, ನನ್ನ ಕೆಲಸ ನಾನು ಮಾಡಿದ್ದೇನೆ ಎಂದು ಹೇಳಿ, ಕೈಕಾಲು ತೊಳೆದು ಊಟಕ್ಕೆ ಕೂತ. ತಮ್ಮ ಮತ್ತೆ ಪುಸ್ತಕ ಮುಟ್ಟಲಿಲ್ಲ. ಅಣ್ಣ ಹೆಡ್ಮಾಸ್ತರನಾದ, ಶಿಸ್ತಿಗೆ ಹೆಸರಾದ. ಅಪ್ಪ ಅಮ್ಮ ಇರುವಷ್ಟು ಕಾಲ ಇಬ್ಬರೂ ಮುಖ ತಿರುಗಿಸಿಕೊಂಡು ಓಡಾಡಿದರು. ಅವರು ಹೋದ ಮೇಲೆ ಮುಖ ತಿರುಗಿಸುವ ಅಗತ್ಯವೂ ಬೀಳಲಿಲ್ಲ.

ರಕ್ತ ಪರೀಕ್ಷೆಯ ಫಲಿತಾಂಶ ಹೇಳಿದವರು ಆಸ್ಪತ್ರೆಯ ಡಾಕ್ಟರಮ್ಮ. ರೋಗನಿರೋಧಕ ಶಕ್ತಿಯ ಮೇಲೆ ಸಂಶೋಧನೆ ಮಾಡುವವರು. ಕೆಳಗಿನ ಮಹಡಿಯಲ್ಲಿ ವಾರ್ಡು, ಮೇಲಿನದರಲ್ಲಿ ಪ್ರಯೋಗಾಲಯ, ದಿನವಿಡೀ ಎರಡರ ನಡುವೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. "ನಿಮ್ಮಿಬ್ಬರದು ಪೂರ್ತಿ ಹೊಂದಾಣಿಕೆ," ಎಂದು ಅವರು ಸಂತೋಷದಿಂದ ಹೇಳಿದಾಗ ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ವೆಲ್ಡರ್ ನೆಲ ನೋಡಿದ.

ಅವನ ಹೆಂಡತಿ, ಯಾವ ಸುಖಕ್ಕೆ ಕೊಡ್ತಿದ್ದೀರಿ ಎಂದು ಕೇಳಿದಳು. ಜೀವದ ಪ್ರಶ್ನೆಯಲ್ಲವೇ ಎಂದು ಅವನು ಹಾರಿಕೆಯ ಉತ್ತರ ಕೊಟ್ಟ. ಒಳಗಿನ ಮಾತು ಬೇರೆ ಇತ್ತು. ಅಣ್ಣ ಒಂದು ಸಲ, ಒಂದೇ ಸಲ, ತನ್ನೆದುರು ತಲೆ ತಗ್ಗಿಸಬೇಕು. ಅದಕ್ಕಾಗಿ ಮಜ್ಜೆಯೇನು, ಮೂಳೆಯನ್ನೇ ಕೊಟ್ಟಾನು.

ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಕಬ್ಬಿಣದ ಸಲಾಕೆಯಲ್ಲಿ ಬಡಿದ ಹಾಗೆ ಬೆನ್ನು ನೋಯುತ್ತಿತ್ತು. ಅಣ್ಣನ ಸ್ವಂತ ಮಜ್ಜೆಯನ್ನು ಔಷಧಿಯಿಂದ ಸುಟ್ಟು, ಯಾವ ಸೋಂಕೂ ತಾಗದ ಹಾಗೆ ಗಾಜಿನ ಗೋಡೆಯಾಚೆ ಇಟ್ಟಿದ್ದರು. ವೆಲ್ಡರ್ ಈಚೆ ನಿಂತು ನೋಡಿದ. ತಲೆ ಬೋಳಾಗಿತ್ತು, ಕನ್ನಡಕ ದೊಡ್ಡದಾಗಿ ಕಾಣುತ್ತಿತ್ತು. ಬೆನ್ನು ನೋಯುತ್ತಿದೆಯಾ ಎಂದು ಅಣ್ಣ ಮೈಕಿನಲ್ಲಿ ಕೇಳಿದ. ಇಲ್ಲವೆಂದ ತಮ್ಮ. ಅಣ್ಣ ಹೂಂಗುಟ್ಟಿ ಗೋಡೆಯ ಕಡೆ ಹೊರಳಿದ. ಅಷ್ಟೇ.

ತಮ್ಮನ ಮಜ್ಜೆ ಅಣ್ಣನ ಮೂಳೆಯಲ್ಲಿ ಬೇರೂರಿತು. ಕ್ಯಾನ್ಸರ್ ಹುಡುಕಿದರೂ ಸಿಗದಂತಾಯಿತು. ಎಲ್ಲರೂ ನೆಮ್ಮದಿಯ ಉಸಿರು ಬಿಡುವ ಹೊತ್ತಿಗೆ ಅಣ್ಣನ ಅಂಗೈ ಕೆಂಪಾಗಿ ನವೆ ಶುರುವಾಯಿತು. ಆಮೇಲೆ ಅಂಗಾಲು, ಎದೆ, ಬೆನ್ನು. ಚರ್ಮ ಬೆಂದವರ ಹಾಗೆ ಸುಲಿಯಿತು, ಹೊಟ್ಟೆ ಕೆಟ್ಟು ಭೇದಿ ನಿಲ್ಲಲೇ ಇಲ್ಲ.

ಡಾಕ್ಟರಮ್ಮ ಅತ್ತಿಗೆ, ಮೈದುನ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ಯಾವುದು ತನ್ನದು, ಯಾವುದು ಹೊರಗಿನದು ಎಂದು ಗುರುತಿಸುವುದೇ ನಿರೋಧಕ ಕಣಗಳ ಕಸುಬು. ಈಗ ಹೆಡ್ಮಾಸ್ತರರ ಮೈಯೊಳಗೆ ಇರುವ ಕಣಗಳಿಗೆ ಅವರ ಮೈಯೇ ಹೊರಗಿನದಾಗಿ ಕಾಣುತ್ತಿದೆ. ಮುಖ್ಯ ಗುರುತುಗಳು ಹೊಂದಿದ್ದರೂ ಸಣ್ಣಪುಟ್ಟವು ಹೊಂದಿರುವುದಿಲ್ಲ. ಯಾರಿಗೆ ಹೀಗಾಗುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ.

"ಅಂದರೆ ಅವರನ್ನ ಸುಡ್ತಿರೋದು ಯಾರ ಕಣಗಳು?" ಅತ್ತಿಗೆ ಕೇಳಿದರು.

"ಇವರದ್ದು."

ಅತ್ತಿಗೆ ಎರಡು ಕುರ್ಚಿಗಳ ನಡುವೆ ಇಟ್ಟಿದ್ದ ತಮ್ಮ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡರು.

ಅಂದಿನಿಂದ ಅವರು ಅವನಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಮೆಟ್ಟಿಲ ಬಳಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಒಮ್ಮೆ ಅವನ ಕಿವಿಗೆ ಬಿತ್ತು: ಮೈದುನನ ರಕ್ತ ಮೈಗೆ ಹತ್ತಲಿಲ್ಲ, ಮನಸ್ಸಲ್ಲಿ ಹಗೆ ಇಟ್ಟುಕೊಂಡು ಕೊಟ್ಟರೆ ಹೇಗೆ ಹತ್ತುತ್ತದೆ. ಎದುರು ಹೋಗಿ ಜಗಳ ತೆಗೆಯಬೇಕೆನಿಸಿತು. ಆದರೆ ಕೊಡುವಾಗ ಮನಸ್ಸಲ್ಲಿ ಏನಿತ್ತೆಂದು ಅವನಿಗೆ ಗೊತ್ತಿತ್ತಲ್ಲ. ಡಾಕ್ಟರಮ್ಮ ಒಬ್ಬರೇ ಸಿಕ್ಕಾಗ ತಡೆಯಲಾರದೆ ಕೇಳಿದ.

"ಮನಸ್ಸಲ್ಲಿರೋದು ರಕ್ತಕ್ಕೆ ಇಳಿಯುತ್ತಾ, ಡಾಕ್ಟ್ರೇ?"

ಅವರು ನಗಲಿಲ್ಲ. "ಇಲ್ಲ. ಅದಕ್ಕೆ ಮನಸ್ಸು ಗೊತ್ತಿಲ್ಲ," ಎಂದರು. ಅವನಿಗೆ ಸಮಾಧಾನವಾಗಲಿಲ್ಲ.

ಔಷಧಿಗಳು ಒಂದೊಂದಾಗಿ ಸೋತ ಮೇಲೆ ಡಾಕ್ಟರಮ್ಮ ಹೊಸ ಪ್ರಯೋಗವೊಂದರ ಮಾತೆತ್ತಿದರು. ದಾಳಿ ಮಾಡುವ ಕಣಗಳ ಜೊತೆಯಲ್ಲೇ, ಅದೇ ರಕ್ತದಲ್ಲಿ, ಅವನ್ನು ತಡೆದು ಸುಮ್ಮನಾಗಿಸುವ ಕಣಗಳೂ ಇರುತ್ತವೆ. ಬೆರಳೆಣಿಕೆಯಷ್ಟು. ಅವನ್ನು ಹೆಕ್ಕಿ, ಪ್ರಯೋಗಾಲಯದಲ್ಲಿ ಬೆಳೆಸಿ ರೋಗಿಗೆ ಕೊಟ್ಟು ನೋಡುತ್ತಿದ್ದಾರೆ. ಕೆಲವರಿಗೆ ಗುಣ ಕಂಡಿದೆ, ಕೆಲವರಿಗೆ ಇಲ್ಲ. ಅದಕ್ಕೆ ತಮ್ಮ ಮತ್ತೊಮ್ಮೆ ರಕ್ತ ಕೊಡಬೇಕು. ಮಾತು ಮುಗಿಯುವ ಮುಂಚೆಯೇ ವೆಲ್ಡರ್ ಒಪ್ಪಿದ.

ಹೆಡ್ಮಾಸ್ತರ ಪಾಠ ಒಪ್ಪಿಸುವ ಹುಡುಗಿಯ ಮಾತು ಕೇಳುವವನಂತೆ ಎಲ್ಲವನ್ನೂ ಕೇಳಿ, ಒಂದೆರಡು ಪ್ರಶ್ನೆ ಹಾಕಿ, ಕೊನೆಗೆ ಬೇಡವೆಂದ.

"ನನ್ನ ಚರ್ಮ, ರಕ್ತ ಏನು ಬೇಕೋ ತೊಗೊಳ್ಳಿ, ಡಾಕ್ಟ್ರೇ. ನಾಲ್ಕು ಜನಕ್ಕೆ ಉಪಯೋಗವಾಗಲಿ. ಅವನದು ಇನ್ನು ನನಗೆ ಬೇಡ."

ಡಾಕ್ಟರಮ್ಮ ಹೇಳಿ ನೋಡಿದರು, ಅತ್ತಿಗೆ ಅತ್ತು ನೋಡಿದರು. ಅವರಿಬ್ಬರೂ ಹೊರಗೆ ಹೋದ ಮೇಲೂ ವೆಲ್ಡರ್ ಮಂಚದ ಕಾಲಬಳಿ ನಿಂತೇ ಇದ್ದ.

"ಯಾಕೆ ಬೇಡ?"

"ಒಂದು ಸಲ ತೊಗೊಂಡಿದ್ದಕ್ಕೇ ಮೈಯೆಲ್ಲ ಉರೀತಿದೆ."

"ಈ ಉರಿ ಆರಿಸೋಕೆ ಅಂತಲೇ ಕೊಡೋದು."

ಅಣ್ಣ ಸುಲಿದ ಕೈಯನ್ನು ಮಡಿಸಿದ ಟವೆಲಿನ ಮೇಲೆ ಮೆಲ್ಲಗೆ ಸರಿಸಿದ. "ಬಂದಾಗಲೆಲ್ಲ ನಿಂತು ನನ್ನ ಮುಖ ನೋಡ್ತೀಯ. ಏನಕ್ಕೆ ಕಾಯ್ತಿದ್ದೀಯ ಅಂತ ನನಗೆ ಗೊತ್ತು. ಅದು ನನ್ನ ಬಾಯಲ್ಲಿ ಬರಲ್ಲ. ಚೀಟಿ ನಿನ್ನ ತೋಳಲ್ಲಿತ್ತು."

"ಇತ್ತು. ಆಗ ನಾನಿನ್ನೂ ಹುಡುಗ, ಅಣ್ಣ."

"ಇವತ್ತು ಸಿಕ್ಕಿದರೂ ಹಿಡೀತೀನಿ."

ಅಣ್ಣ ಎಂಬ ಮಾತು ತನ್ನ ಬಾಯಿಂದ ಹೇಗೆ ಬಂತೆಂದು ವೆಲ್ಡರ್‌ಗೇ ತಿಳಿಯಲಿಲ್ಲ. ಏನೂ ಹೇಳಬೇಡ, ಸುಮ್ಮನೆ ತೊಗೋ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅದೊಂದು ಮಾತು ಆಡಿದ್ದರೆ ಅಣ್ಣ ಒಪ್ಪುತ್ತಿದ್ದನೋ ಏನೋ. ವೆಲ್ಡರ್ ಅದನ್ನು ಆಡದೆ ಕಾದ. ಹಾಸಿಗೆಯ ಮೇಲಿದ್ದವನು ಕಣ್ಣು ಮುಚ್ಚಿಕೊಂಡ.

"ನಿನ್ನಿಷ್ಟ," ಎಂದು ಹೇಳಿ ಅವನು ಹೊರಗೆ ಬಂದ. ಡಾಕ್ಟರಮ್ಮ ಮೆಟ್ಟಿಲಲ್ಲಿ ಸಿಕ್ಕು, ಚಿಕಿತ್ಸೆಗಲ್ಲದಿದ್ದರೂ ಸಂಶೋಧನೆಗಾದರೂ ರಕ್ತ ಕೊಡುತ್ತೀರಾ ಎಂದು ಕೇಳಿದಾಗ ಅಲ್ಲೇ ಅಂಗಿಯ ತೋಳು ಮಡಿಸಿದ.

ದಾಳಿಯನ್ನು ಅಡಗಿಸಲು ಕೊಟ್ಟ ಔಷಧಿಗಳು ಮೈಯ ಕಾವಲನ್ನೂ ಅಡಗಿಸಿದವು. ಗಾಳಿಯಲ್ಲಿ ಎಲ್ಲೆಲ್ಲೂ ತೇಲಾಡುವ, ಆರೋಗ್ಯವಂತರಿಗೆ ಏನೂ ಮಾಡದ ಬೂಷ್ಟೊಂದು ಹೆಡ್ಮಾಸ್ತರನ ಶ್ವಾಸಕೋಶ ಹೊಕ್ಕಿತು. ಸುದ್ದಿ ಬಂದಾಗ ವೆಲ್ಡರ್ ಏಣಿಯ ಮೇಲಿದ್ದ. ಹಿಡಿದಿದ್ದ ಬೆಸುಗೆ ಪೂರ್ತಿ ಮಾಡಿ, ತಣ್ಣಗಾಗುವ ತನಕ ನೋಡಿಕೊಂಡು ಆಮೇಲೆ ಕೆಳಗಿಳಿದ. ಅಂತ್ಯಕ್ರಿಯೆಯಲ್ಲಿ ಅತ್ತಿಗೆ ಅವನ ಕಡೆ ನೋಡಲಿಲ್ಲ. ಅವನೂ ಹಿಂದೆಯೇ ನಿಂತಿದ್ದ.

ಕೆಲವು ವಾರಗಳಾದ ಮೇಲೆ ಡಾಕ್ಟರಮ್ಮ ಇಬ್ಬರಿಗೂ ಫೋನ್ ಮಾಡಿದರು. ಬರಲೇಬೇಕೆಂದಿಲ್ಲ, ಅಣ್ಣತಮ್ಮಂದಿರು ಕೊಟ್ಟದ್ದರ ಮೇಲಿನ ಪ್ರಯೋಗ ನೋಡಬೇಕೆನಿಸಿದರೆ ಬನ್ನಿ ಎಂದರು. ಇನ್ನೊಬ್ಬರು ಬರುವುದಿಲ್ಲ ಎಂದುಕೊಂಡೇ ಇಬ್ಬರೂ ಬಂದರು. ಮೇಲಿನ ಮಹಡಿಯ ಬಾಗಿಲಲ್ಲಿ ಇಬ್ಬರಿಗೂ ಬಿಳಿಯ ನಿಲುವಂಗಿ ಕೊಟ್ಟರು. ಅತ್ತಿಗೆಯದು ನೆಲ ಮುಟ್ಟುವಷ್ಟು ಉದ್ದವಾಯಿತು.

ಡಾಕ್ಟರಮ್ಮ ಪುಟ್ಟ ತಟ್ಟೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಸ್ಟೂಲು ಎಳೆದು ಅತ್ತಿಗೆಯನ್ನು ಕೂರಿಸಿದರು. "ಉದ್ದುದ್ದಕ್ಕೆ ಮಲಗಿರೋವು ಯಜಮಾನರ ಚರ್ಮದ ಕಣಗಳು. ದುಂಡಗಿರೋವು ಇವರದ್ದು. ಬೇರೆ ತಟ್ಟೆಯಲ್ಲಿ ದುಂಡನೆಯವು ಉದ್ದದವನ್ನ ಕೊಂದುಹಾಕಿದ್ವು. ಇದಕ್ಕೆ ಆ ತಡೆಯೋ ಕಣಗಳನ್ನ ಸೇರಿಸಿದ್ದೀವಿ. ಏನೂ ಮಾಡ್ತಿಲ್ಲ, ನೋಡಿ."

ಅತ್ತಿಗೆ ಬಗ್ಗಿ ನೋಡಿದರು. ಅವರು ಒಪ್ಪಿದ್ದರೆ ಹೀಗೇ ಆಗುತ್ತಿತ್ತಾ ಎಂದು ಮೆಲ್ಲಗೆ ಕೇಳಿದರು. ತಟ್ಟೆಯಲ್ಲಿ ಆದದ್ದು ಮೈಯಲ್ಲಿ ಆಗುತ್ತದೆ ಎಂದು ಹೇಳಲಾರೆ ಎಂದರು ಡಾಕ್ಟರಮ್ಮ. ಆಗುವುದಿಲ್ಲ ಎಂದೂ ಹೇಳಲಿಲ್ಲ.

"ಇವಕ್ಕೆ ಜೀವ ಇದೆಯಾ?"

"ಇದೆ."

"ಅವರದ್ದಕ್ಕೂ?"

"ಅವರದ್ದಕ್ಕೂ."

ಅತ್ತಿಗೆ ಕಣ್ಣು ತೆಗೆಯದೆಯೇ ಕೇಳಿದರು. "ತಿನ್ನೋಕೆ ಏನು ಕೊಡ್ತೀರಿ?"

ಡಾಕ್ಟರಮ್ಮ ಗುಲಾಬಿ ಬಣ್ಣದ ದ್ರವವಿದ್ದ ಬಾಟಲಿಯೊಂದನ್ನು ತೋರಿಸಿದರು. ಮೈ ಎಷ್ಟು ಬೆಚ್ಚಗಿರುತ್ತದೋ ಅಷ್ಟೇ ಬೆಚ್ಚಗೆ ಇಟ್ಟಿರುತ್ತೇವೆ ಎಂದರು. ಅತ್ತಿಗೆ ತಲೆಯಾಡಿಸಿ, ನಿಲುವಂಗಿಯ ಅಂಚು ಎತ್ತಿ ಹಿಡಿದು ಎದ್ದರು. ಸ್ಟೂಲನ್ನು ಮೈದುನನ ಕಡೆ ಸ್ವಲ್ಪ ತಳ್ಳಿದರು.

ಅವನು ಬಗ್ಗಿದ. ಮೊದಲು ಬರೀ ಬೆಳಕು, ಆಮೇಲೆ ಒಂದೊಂದಾಗಿ ಕಂಡವು. ನೀಳವಾಗಿ ಚಾಚಿಕೊಂಡವು ಪಕ್ಕಪಕ್ಕ ಮಲಗಿದ್ದವು. ಅವುಗಳ ಮಗ್ಗುಲಲ್ಲಿ, ಕೆಲವು ಕಡೆ ಮೈಗೆ ಒರಗಿಕೊಂಡು, ದುಂಡನೆಯವು. ಯಾವುದೂ ಅಲುಗಾಡುತ್ತಿರಲಿಲ್ಲ. ಯಾರೂ ಅವನನ್ನು ಏಳು ಎನ್ನಲಿಲ್ಲ. ಅವನಾಗಿ ಎದ್ದ ಮೇಲೆ ಡಾಕ್ಟರಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ, ಒಳಗಿನ ದ್ರವ ತುಳುಕದ ಹಾಗೆ ಎತ್ತಿಕೊಂಡು ಹೋಗಿ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಮೊದಲು ಗಾಜಿನ ಬಾಗಿಲು, ಆಮೇಲೆ ಹೊರಗಿನ ಬಾಗಿಲು ಮುಚ್ಚಿದರು.